ಉತ್ತರಕ್ಕೆ

ಪೇಪರಿನಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು.
ಏಳನೇ ಪುಟ, ಚಿನ್ನದಂಗಡಿ ಜಾಹೀರಾತಿನ ಕೆಳಗೆ
ಇರುವೆ ಸಾಲಿನಂಥ ಅಕ್ಷರದಲ್ಲಿ:
ಶ್ರೀರಾಂಪುರ ಎರಡನೇ ಹಂತ, ಇಪ್ಪತ್ತು ಮೂವತ್ತರ ನಿವೇಶನ,
ಅದರಲ್ಲಿ ಕಟ್ಟಿರುವ ಆರ್‌ಸಿಸಿ ಮನೆ. ಚಕ್ಕುಬಂದಿ—
ಪೂರ್ವಕ್ಕೆ ರಸ್ತೆ,
ಪಶ್ಚಿಮಕ್ಕೆ ನಿವೇಶನ ನಂಬರ್ ನಾನ್ನೂರ ಹನ್ನೆರಡು,
ದಕ್ಷಿಣಕ್ಕೆ ಕನ್ಸರ್ವೆನ್ಸಿ,
ಉತ್ತರಕ್ಕೆ ತುಳಸಾಬಾಯಿ ಕೋಂ ಲೇಟ್ ಗಣೋಜಿರಾವ್ ಅವರ ಸ್ವತ್ತು.

ಪ್ರಮೀಳೆಯ ಮನೆ ಹೋಗುತ್ತಿದೆ ಎಂದು ಊರಿಗೆ ತಿಳಿಸಲು
ನಾನೊಂದು ಗುರುತು.

ಮೊದಲ ಕಾಗದ ಬಂದಾಗ
‘ಅರವತ್ತು ದಿನ ಕೊಟ್ಟಿದ್ದಾರಕ್ಕಾ’ ಅಂದಿದ್ದಳು,
ಯಾರೋ ಅರವತ್ತು ರೂಪಾಯಿ ಕೊಟ್ಟ ಹಾಗೆ.
ಸೂಪರ್ ಮಾರ್ಕೆಟ್‌ನವನು ಎಂಟು ತಿಂಗಳ ಚಕ್ಕುಲಿ ಬಾಕಿ ಕೊಟ್ಟರೆ
ಎಲ್ಲಾ ಸರಿಹೋಗುತ್ತೆ ಅಂದಳು.
ಅವನು ಕೊಡಲಿಲ್ಲ. ದಿನಗಳು ಮಾತ್ರ ಒಂದೂ ತಪ್ಪದೆ ಬಂದವು.

ಆಮೇಲೆ ಗೋಂದಿನ ಡಬ್ಬಿ ಹಿಡಿದ ಹುಡುಗನೊಬ್ಬ
ಬಾಗಿಲಿಗೆ ಹಾಳೆ ಅಂಟಿಸಿ, ನನ್ನನ್ನು ಪಕ್ಕಕ್ಕೆ ಸರಿಸಿ
ಫೋಟೊ ಹಿಡಿದುಕೊಂಡ.
ಇದು ಸಾಂಕೇತಿಕ ಸ್ವಾಧೀನ, ಅಜ್ಜಿ, ಅಂದ.
ಆ ರಾತ್ರಿಯೂ ಒಳಗೆ ಒಗ್ಗರಣೆ ಸಿಡಿಯಿತು,
ಇಂದುಶೇಖರ ಕೆಮ್ಮಿದ, ದೀಪ ಆರಿತು.
ಮನೆ ಯಾರದೆಂದು ಗೋಡೆಗೇನು ಗೊತ್ತು.

ಜಿಲ್ಲಾಧಿಕಾರಿಗಳ ಆದೇಶ ಬಂದದ್ದು ಐದು ತಿಂಗಳಿಗೆ:
ಇಬ್ಬರು ಮಹಿಳಾ ಪೊಲೀಸು, ಬ್ಯಾಂಕಿನ ಸಾಹೇಬರು,
ಬೀಗ ಒಡೆಯುವವನೂ ಒಬ್ಬ. ಬಾಗಿಲು ತೆರೆದೇ ಇತ್ತು,
ಅವನು ಕೂಲಿಗಾಗಿ ಸುಮ್ಮನೆ ನಿಂತಿದ್ದ.
ಪಟ್ಟಿ ಬರೆದರು— ಗ್ಯಾಸ್ ಒಲೆ ಒಂದು, ದೇವರ ಪಟ ಎಂಟು,
ಚಕ್ಕುಲಿ ಯಂತ್ರ ಮೂರು (ಒಂದು ಕೆಟ್ಟಿದೆ).
ನೆನೆಹಾಕಿದ ಅಕ್ಕಿ ಪಟ್ಟಿಗೆ ಬರಲಿಲ್ಲ;
ಅದನ್ನವಳು ನೀರು ಬಸಿದು ಸೆರಗಿಗೆ ಕಟ್ಟಿಕೊಂಡಳು.
ಪಂಚನಾಮೆಗೆ ಸಾಕ್ಷಿ ಬೇಕಿತ್ತು.
ನಾನು ಹಾಕಿದೆ, ಸೊಟ್ಟ ಸಹಿ.
ಸುಟ್ಟ ಅರಗಿನ ವಾಸನೆ ಸಂಜೆವರೆಗೂ ನನ್ನ ಅಡುಗೆಮನೆಯಲ್ಲಿತ್ತು.

ಹರಾಜಿಗೆ ಮುಂಚೆ, ನೋಡುವವರಿಗಾಗಿ ಒಂದು ದಿನ.
‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದೆಲ್ಲ’
ಎಂದು ಬರೆದಿತ್ತು. ಗಂಡ ಸತ್ತಾಗ ಅತ್ತೆಮನೆಯಲ್ಲಿ
ನನ್ನನ್ನೂ ಹಾಗೇ ಇಟ್ಟುಕೊಂಡಿದ್ದರು.
ಕಾರಿನಿಂದ ಇಳಿದವರು ಕಾಂಪೌಂಡಿನಾಚೆಯಿಂದ ಕೇಳಿದರು:
ಅಮ್ಮಾ, ನೀರು ಹೇಗೆ ಇಲ್ಲಿ?

ಇಪ್ಪತ್ತೆಂಟು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ
ಸೀರೆಯನ್ನು ಬೆಳಕಿಗೆ ಹಿಡಿದು
ಇಲ್ಲಿ ಎಳೆ ತಪ್ಪಿದೆ, ಇಲ್ಲಿ ಜರಿ ಬಿಟ್ಟಿದೆ ಅಂದವಳು ನಾನು.
ಇಲ್ಲದ ದೋಷ ಹೇಳಿದ್ದು ಅವತ್ತೊಂದೇ ದಿನ.
‘ಸಂಪು ಬಿರುಕು ಬಿಟ್ಟಿದೆ. ತುಂಬಿಸಿದ್ದು ರಾತ್ರಿಗೆ ಖಾಲಿ.’
ಬಂದವರಿಗೆಲ್ಲ ಹೇಳಿದೆ. ಯಾರೂ ಕೂಗಲಿಲ್ಲ ಬೆಲೆ.
ಗೆದ್ದೆ ಅಂದುಕೊಂಡು ಒಂದು ಲೋಟ ಹೆಚ್ಚಿಗೆ ಕಾಫಿ ಕುಡಿದೆ.

ಹೂಟಗಳ್ಳಿಯಿಂದ ಪ್ರಮೀಳೆಯ ಫೋನು:
‘ಮೊದಲ ಸಲ ಯಾರೂ ಬರಲಿಲ್ಲವಂತೆ, ಬೆಲೆ ಇಳಿಸ್ತಾರಂತೆ.
ಕಡಿಮೆ ಬಿದ್ದದ್ದನ್ನ ನಾವೇ ತುಂಬಬೇಕಂತಕ್ಕಾ.
ಅದಿರಲಿ, ನಮ್ಮ ಸಂಪು ಸೋರ್ತಿತ್ತಾ?
ಇಷ್ಟು ವರ್ಷ ಇದ್ದೂ ನಮಗೆ ಗೊತ್ತೇ ಆಗಿರಲಿಲ್ಲ ನೋಡಿ.’

ಒಲೆ ಮೇಲೆ ಹಾಲು ಉಕ್ಕಿತೆಂದು ಫೋನಿಟ್ಟೆ.
ಹಾಲಿರಲಿಲ್ಲ.

ಮತ್ತೆ ಪೇಪರು, ಮತ್ತೆ ಅದೇ ಚಕ್ಕುಬಂದಿ.
ಅಂಕಿಯಷ್ಟೇ ಇಳಿದಿದೆ; ರಸ್ತೆ, ಕನ್ಸರ್ವೆನ್ಸಿ, ನಾನು
ಇದ್ದಲ್ಲೇ ಇದ್ದೇವೆ.
ನೋಡುವ ದಿನ ಬೆಳಿಗ್ಗೆಯೇ ಗೇಟಿನ ಹತ್ತಿರ ನಿಂತೆ.
ಸಂಪು ಚೆನ್ನಾಗಿದೆ, ಒಂದು ಹನಿ ಸೋರಲ್ಲ, ಅಂದೆ.
ದಂಪತಿ ಮುಖ ಮುಖ ನೋಡಿಕೊಂಡರು.
ಹೋದ ಸಲ ಬಿರುಕು ಅಂದಿದ್ದರಂತಲ್ಲ ಯಾರೋ?
ಅಷ್ಟಕ್ಕೂ ನೀವು ಯಾರಮ್ಮ?

ಪೇಪರು ಬಿಚ್ಚಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.
ಉತ್ತರಕ್ಕೆ ಇರುವವಳು.